ಎಣ್ಣೆ ಸೋರುವ ಎಂಜಿನ್: ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟನ್ನು ನಾವೇ ಬದಲಾಯಿಸುವ ಕ್ರಮ



ಕೊಳೆರೋಗ, ಕಾಂಡಕೊರಕ, ಮಣ್ಣು ಪರೀಕ್ಷೆ ಇವುಗಳ ಪಾಠಗಳನ್ನು ಓದಿ ಅಭ್ಯಾಸವಾದ ನಿಮಗೆ ಈ ಸಲ ಒಂದು ಯಂತ್ರದ ಪಾಠ. ತೋಟದವನಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಗೊಬ್ಬರ ತರುವುದು, ಅಡಿಕೆ ಗೊನೆ ಸಾಗಿಸುವುದು, ಕೊಯ್ಲಿನವರನ್ನು ಕರೆತರುವುದು, ಅಪರಾತ್ರಿಯಲ್ಲಿ ಹಾವು ಕಚ್ಚಿದವರನ್ನೋ ಹೆರಿಗೆಯ ಬೇನೆ ಎದ್ದವರನ್ನೋ ಆಸ್ಪತ್ರೆಗೆ ಮುಟ್ಟಿಸುವುದು, ಇಷ್ಟೂ ನಮ್ಮಲ್ಲಿ ಅನೇಕರಿಗೆ ಒಂದೇ ಹಳೆಯ ಜೀಪು ಅಥವಾ ಕಾರಿನಿಂದ ಆಗಬೇಕು. ಅದು ನಿಂತರೆ ಮನೆಯೇ ನಿಂತಂತೆ. ಆದುದರಿಂದ ಗಾಡಿಯ ಅಡಿಯಲ್ಲಿ ಕಾಣುವ ಕಪ್ಪು ಕಲೆಯನ್ನು ಓದಲು ಕಲಿಯುವುದು, ಎಲೆಯ ಮೇಲಿನ ಕಲೆಯನ್ನು ಓದಲು ಕಲಿತಷ್ಟೇ ಅವಶ್ಯ.

ಈ ಪಾಠವನ್ನು ನಾನು ಪುಸ್ತಕದಿಂದ ಮೊದಲು ಕಲಿತವನಲ್ಲ. ತಪ್ಪು ಮಾಡಿ ಕಲಿತವನು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಮುದಗಲ್ ದಾರಿಯಲ್ಲಿ ಕಲಿತದ್ದು

ನಮ್ಮ ತೋಟದ ಕಾಫಿ ಕೊಯ್ಲಿಗೆ ಪ್ರತಿವರ್ಷ ರಾಯಚೂರು ಜಿಲ್ಲೆಯ ಮುದಗಲ್ ಕಡೆಯ ಒಂದು ಕುಟುಂಬ ಬರುತ್ತದೆ. ಎರಡು ವರ್ಷದ ಹಿಂದೆ ರೊಬಸ್ಟಾ ಕೊಯ್ಲು ಮುಗಿದು ಅವರು ಊರಿಗೆ ಹೊರಡುವ ಹೊತ್ತಿಗೆ ಆ ಮನೆಯ ಮಗಳು ಎಂಟು ತಿಂಗಳ ಗರ್ಭಿಣಿ. ಬಸ್ಸು ಬದಲಾಯಿಸುತ್ತ ಹೋಗುವುದು ಬೇಡವೆಂದು ನಾನೇ ನಮ್ಮ ಡೀಸೆಲ್ ಜೀಪಿನಲ್ಲಿ ಬಿಟ್ಟುಬರಲು ಹೊರಟೆ. ಮಾರ್ಚಿ ತಿಂಗಳ ಕೊನೆ. ಘಟ್ಟದ ತಂಪಿನಿಂದ ಹೊರಟು, ಹೊಸಪೇಟೆ ದಾಟಿ ಕುಷ್ಟಗಿಯ ಕಡೆಗೆ ಹೋಗುವಷ್ಟರಲ್ಲಿ ಬಿಸಿಲು ಬೆಂಕಿಯಂತಿತ್ತು.

ಕುಷ್ಟಗಿ ದಾಟಿ ಸ್ವಲ್ಪ ದೂರ ಹೋದಾಗ, ಒಂದು ತಿರುವಿನಲ್ಲಿ ಎಣ್ಣೆಯ ಕೆಂಪು ದೀಪ ಒಮ್ಮೆ ಮಿಂಚಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಮಿಂಚಿತು. ಗಾಡಿ ನಿಲ್ಲಿಸಿ ಅಳತೆ ಕಡ್ಡಿ ಎಳೆದು ನೋಡಿದರೆ ಅದರ ತುದಿಗೂ ಎಣ್ಣೆ ತಾಗಿರಲಿಲ್ಲ. ಎಂಜಿನ್ನಿನ ಒಂದು ಪಕ್ಕ ಪೂರ್ತಿ ಒದ್ದೆ. ಅತ್ತಿತ್ತ ಮರವಿಲ್ಲದ ಎರೆಹೊಲ, ನೀರಿನ ಬಾಟಲಿಯಲ್ಲಿ ಕಾಲು ಭಾಗ ನೀರು, ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತ ಗರ್ಭಿಣಿ. ಅವಳ ಅಣ್ಣ ಯಾರದೋ ಮೋಟಾರ್ ಸೈಕಲ್ ಹತ್ತಿ ಹಿಂದಿನ ಊರಿಗೆ ಹೋಗಿ ಎಣ್ಣೆಯ ಡಬ್ಬಿಗಳನ್ನು ತರುವವರೆಗೆ ಒಂದೂವರೆ ಗಂಟೆ ಹಿಡಿಯಿತು. ಮೂರು ಲೀಟರು ಹೊಯ್ದ ಮೇಲೆ ಕಡ್ಡಿಯಲ್ಲಿ ಗೆರೆ ಕಂಡಿತು. ಹತ್ತು ಹತ್ತು ಕಿಲೋಮೀಟರಿಗೆ ನಿಂತು ಕಡ್ಡಿ ನೋಡುತ್ತ, ಮುದಗಲ್ಲಿನ ಕೋಟೆ ಕಣ್ಣಿಗೆ ಬೀಳುವಾಗ ಕತ್ತಲಾಗಿತ್ತು.

ಮರುದಿನ ಬೆಳಿಗ್ಗೆ ಅವರೇ ಒಬ್ಬ ವಯಸ್ಸಾದ ಮಿಸ್ತ್ರಿಯ ಬಳಿಗೆ ಕರೆದೊಯ್ದರು. ಆತ ಒರೆಸಿ, ಬಗ್ಗಿ ನೋಡಿ ಕೇಳಿದ ಮೊದಲ ಮಾತು: “ಸಾವ್ಕಾರ್ರ, ಈ ಬೋಲ್ಟ ಯಾರು ಬಿಗಿ ಮಾಡ್ಯಾರ?”

“ನಾನೇ” ಎಂದೆ. ಮೂರು ತಿಂಗಳಿಂದ ಶೆಡ್ಡಿನಲ್ಲಿ ಕಲೆ ಬೀಳುತ್ತಿತ್ತು. ಮೊದಲು ಅದರಡಿಗೆ ಒಂದು ಹಳೆಯ ತಗಡು ಇಟ್ಟೆ. ಕಲೆ ಹೆಚ್ಚಾದಾಗ ಪಾನಾ ಹಿಡಿದು ಶಕ್ತಿಯಿದ್ದಷ್ಟು ಬಿಗಿದೆ. ಎರಡು ದಿನ ನಿಂತಿತು, ಆಮೇಲೆ ಮೊದಲಿಗಿಂತ ಹೆಚ್ಚು ಸೋರಿತು. ಮತ್ತೆ ಬಿಗಿದೆ.

“ಸೋರಾಕತ್ತಿದ್ರ ಬಿಗಿ ಮಾಡೂದಲ್ರಿ, ಬಿಚ್ಚಿ ತೊಳೀಬೇಕು. ಬಿಗಿ ಮಾಡಿ ಮಾಡಿ ನೀವು ಇದನ್ನ ಬಾಗಿಸೀರಿ” ಎಂದ ಮಿಸ್ತ್ರಿ.

ಈ ಪಾಠದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ. ಸೋರಿಕೆಗೆ ಮದ್ದು ಬಲವಲ್ಲ; ಶುಚಿಯಾದ ಸಪಾಟು ಮುಖ, ಸರಿಯಾದ ಹೊಸ ಗ್ಯಾಸ್ಕೆಟ್, ಮತ್ತು ಎಲ್ಲ ಕಡೆ ಸಮನಾದ ಬಿಗಿತ. ಆ ದಿನ ಅವರ ಪಕ್ಕದಲ್ಲಿ ಕೂತು ನೋಡಿದ್ದನ್ನು, ಆ ಮೇಲೆ ನನ್ನ ಜೀಪಿನಲ್ಲೂ ನೆಂಟರ ಕಾರಿನಲ್ಲೂ ನಾನೇ ಮಾಡಿ ತಿಳಿದುದನ್ನು ಕ್ರಮವಾಗಿ ಕೆಳಗೆ ಬರೆದಿದ್ದೇನೆ.

ಹೌಸಿಂಗ್ ಎಂದರೇನು?

ಎಂಜಿನ್ನಿನ ತಳದ ತಟ್ಟೆಯಲ್ಲಿ, ಅಂದರೆ ಚೇಂಬರಿನಲ್ಲಿ, ಎಣ್ಣೆ ನಿಂತಿರುತ್ತದೆ. ಒಂದು ಸಣ್ಣ ಪಂಪು ಅದನ್ನು ಹೀರಿ ಫಿಲ್ಟರಿಗೆ ತಳ್ಳುತ್ತದೆ. ಫಿಲ್ಟರಿನಲ್ಲಿ ಸೋಸಿದ ಎಣ್ಣೆ ಬೇರಿಂಗುಗಳಿಗೆ ಹೋಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಫಿಲ್ಟರ್ ನೇರವಾಗಿ ಎಂಜಿನ್ನಿನ ಮೈಗೇ ತಿರುಪಿಕೊಂಡಿರುತ್ತದೆ. ಇನ್ನು ಕೆಲವುಗಳಲ್ಲಿ ನಡುವೆ ಅಲ್ಯುಮಿನಿಯಮ್ಮಿನ ಒಂದು ಎರಕದ ತುಂಡು ಇರುತ್ತದೆ. ಇದೇ ಫಿಲ್ಟರ್ ಹೌಸಿಂಗ್. ಇದರಲ್ಲಿ ಎಣ್ಣೆ ಒಳಬರುವ ಒಂದು ತೂತು, ಹೊರಹೋಗುವ ಒಂದು ತೂತು, ಕೆಲವದರಲ್ಲಿ ಎಣ್ಣೆಯನ್ನು ತಣಿಸುವ ಕೂಲರಿಗಾಗಿ ರೇಡಿಯೇಟರ್ ನೀರಿನ ದಾರಿಯೂ ಇರುತ್ತದೆ.

ಈ ತುಂಡು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಗ್ಯಾಸ್ಕೆಟ್ ಇರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ‘ಪ್ಯಾಕಿಂಗ್’ ಎನ್ನುವುದು ಇದನ್ನೇ. ಹಳೆಯ ಎಂಜಿನ್ನುಗಳಲ್ಲಿ ಇದು ದಪ್ಪ ಕಾಗದದ್ದು. ಈಚಿನವುಗಳಲ್ಲಿ ಅಚ್ಚು ಹೊಯ್ದ ರಬ್ಬರಿನದು ಅಥವಾ ರಬ್ಬರ್ ಲೇಪಿಸಿದ ತಗಡಿನದು. ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗುತ್ತದೆ, ಕಾಗದ ಕುಗ್ಗುತ್ತದೆ. ಅಲ್ಯುಮಿನಿಯಂ ಬಿಸಿಗೆ ಹಿಗ್ಗುವಷ್ಟು ಎರಕದ ಕಬ್ಬಿಣ ಹಿಗ್ಗುವುದಿಲ್ಲ. ಹೀಗಾಗಿ ಎರಡರ ನಡುವೆ ಸಿಕ್ಕಿದ ಗ್ಯಾಸ್ಕೆಟಿಗೆ ಸದಾ ತಿಕ್ಕಾಟ. ಒಂದು ದಿನ ಅದು ಬಿಟ್ಟುಕೊಡುತ್ತದೆ. ಇದು ಯಾರ ತಪ್ಪೂ ಅಲ್ಲ, ಸವೆತ.

ಹನಿಯ ಲೆಕ್ಕ

ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರಿದರೆ ಎಣ್ಣೆ ಮೆಲ್ಲಗೆ ಜಿನುಗುತ್ತದೆ, ಏಕೆಂದರೆ ಅಲ್ಲಿ ಒತ್ತಡವಿಲ್ಲ. ಫಿಲ್ಟರ್ ಹೌಸಿಂಗಿನಲ್ಲಿ ಹಾಗಲ್ಲ. ಎಂಜಿನ್ ಓಡುವಾಗ ಅಲ್ಲಿ ಎಣ್ಣೆ ಪಂಪಿನ ಪೂರ್ಣ ಒತ್ತಡದಲ್ಲಿರುತ್ತದೆ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 2ರಿಂದ 5 ಕೆ.ಜಿ. ಆದುದರಿಂದ ಶೆಡ್ಡಿನಲ್ಲಿ ನಿಂತಾಗ ನಾಲ್ಕು ಹನಿ ಬಿದ್ದರೆ, ರಸ್ತೆಯಲ್ಲಿ ಓಡುವಾಗಲೂ ನಾಲ್ಕೇ ಹನಿ ಬೀಳುತ್ತವೆ ಎಂದು ತಿಳಿಯಬಾರದು.

ಓಡುವಾಗ ಸೆಕೆಂಡಿಗೆ ಒಂದು ಹನಿ ಎಂದಿಟ್ಟುಕೊಳ್ಳಿರಿ. ಗಂಟೆಗೆ 3,600 ಹನಿ. 25 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ಗಂಟೆಗೆ 144 ಮಿ.ಲೀ. ಹತ್ತು ಗಂಟೆಯ ಪ್ರಯಾಣಕ್ಕೆ ಸುಮಾರು ಒಂದೂವರೆ ಲೀಟರು. ಅಳತೆ ಕಡ್ಡಿಯ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರ ಬಹುಪಾಲು ಗಾಡಿಗಳಲ್ಲಿ ಒಂದು ಲೀಟರಿನ ಆಸುಪಾಸು. ಅಂದರೆ ಮೇಲಿನ ಗೆರೆಯವರೆಗೆ ಎಣ್ಣೆ ಹಾಕಿ ಹೊರಟರೂ ಏಳು ಗಂಟೆಯಲ್ಲಿ ಕೆಳಗಿನ ಗೆರೆಗೆ ಬಂದು ನಿಲ್ಲುತ್ತದೆ. ಬೋಲ್ಟು ಸಡಿಲಿ ಹನಿ ಹೋಗಿ ಧಾರೆಯಾದರೆ ಗಂಟೆಯ ಮಾತು ಹೋಗಿ ನಿಮಿಷದ ಮಾತಾಗುತ್ತದೆ.

ಇನ್ನೊಂದು ಮಾತು. ಕೆಂಪು ದೀಪ ಎಣ್ಣೆ ಕಡಿಮೆಯಾಗುತ್ತಿದೆ ಎಂದು ಹೇಳುವುದಲ್ಲ. ಒತ್ತಡ ಆಗಲೇ ಹೋಗಿದೆ ಎಂದು ಹೇಳುವುದು. ದೀಪ ಹತ್ತಿದ ಮೇಲೆ “ಮುಂದಿನ ಊರಿನವರೆಗೆ ಹೋಗೋಣ” ಎನ್ನುವವನು ಎಂಜಿನ್ನನ್ನೇ ಬಿಚ್ಚಿಸಬೇಕಾಗುತ್ತದೆ. ಅದೇ ಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿರಿ.

ಸೋರುವ ಜಾಗವನ್ನು ಪತ್ತೆ ಮಾಡುವುದು

ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದುದರಿಂದ ಒದ್ದೆಯಾದ ಭಾಗದಲ್ಲಿ ಅತ್ಯಂತ ಮೇಲಿನ, ಅತ್ಯಂತ ಮುಂದಿನ ಬಿಂದುವನ್ನು ಹುಡುಕಬೇಕು.

ತಣ್ಣಗಿರುವ ಎಂಜಿನ್ನಿನ ಆ ಪಕ್ಕವನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಸೋಪಿನ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿರಿ. ವಿದ್ಯುತ್ ಭಾಗಗಳಿಗೆ ನೀರು ಹಾರದಂತೆ ಪ್ಲಾಸ್ಟಿಕ್ ಕಟ್ಟಿರಿ. ಒಣಗಿದ ಮೇಲೆ ಸ್ವಲ್ಪ ಮುಖದ ಪೌಡರ್ ಉದುರಿಸಿ, ಎಂಜಿನ್ ಚಾಲೂ ಮಾಡಿ ಹತ್ತು ಹದಿನೈದು ನಿಮಿಷ ಓಡಲು ಬಿಟ್ಟು ಟಾರ್ಚಿನ ಬೆಳಕಿನಲ್ಲಿ ನೋಡಿರಿ. ಬಿಳಿ ಪೌಡರಿನ ಮೇಲೆ ಎಣ್ಣೆಯ ಗೆರೆ ಮೂಡುವ ಮೊದಲ ಜಾಗವೇ ಮೂಲ. ನೋಡುವಾಗ ಫ್ಯಾನು, ಬೆಲ್ಟುಗಳಿಂದ ಕೈ, ಪಂಚೆ, ಟವೆಲು ದೂರವಿರಲಿ.

ಹೌಸಿಂಗಿನ ಮೇಲೆ ಅನುಮಾನ ಪಡುವ ಮೊದಲು ಮೂರು ನೆರೆಹೊರೆಯವರನ್ನು ನೋಡಿರಿ. ಒಂದು, ಫಿಲ್ಟರಿನದೇ ರಬ್ಬರ್ ಬಳೆ. ಎರಡು, ಅಲ್ಲೇ ತಿರುಪಿರುವ ಎಣ್ಣೆ ಒತ್ತಡದ ಸ್ವಿಚ್ಚು. ಅದರ ತಂತಿಯ ಬುಡದಲ್ಲೇ ಎಣ್ಣೆ ಇದ್ದರೆ ಸ್ವಿಚ್ಚೇ ಹೋಗಿದೆ. ಮೂರು, ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದುಬಂದ ಎಣ್ಣೆ.

ರಬ್ಬರ್ ಬಳೆಯ ವಿಷಯದಲ್ಲಿ ಬಹಳ ಹಿಂದಿನಿಂದ ನಡೆದುಬಂದ ಒಂದು ತಪ್ಪಿದೆ. ಫಿಲ್ಟರ್ ಬದಲಾಯಿಸುವಾಗ ಹಳೆಯ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ; ಅದರ ಮೇಲೆ ಹೊಸ ಬಳೆ ಕೂರುತ್ತದೆ. ಎರಡು ಬಳೆ ಕೂಡಿದರೆ ಒಂದಕ್ಕೂ ಹಿಡಿತವಿಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಫಿಲ್ಟರು ಲೋಟದಂತಹ ಡಬ್ಬಿಯೊಳಗೆ ಕೂತು, ಉದ್ದನೆಯ ಒಂದೇ ಬೋಲ್ಟಿನಿಂದ ನಿಂತಿರುತ್ತಿತ್ತು. ಅದರ ಬಳೆ ಮೇಲಿನ ಕಾಲುವೆಯಂತಹ ಗೀರಿನಲ್ಲಿ ಅಡಗಿರುತ್ತಿದ್ದುದರಿಂದ ಸೂಜಿಯಿಂದ ಎಬ್ಬಿಸಿ ತೆಗೆಯದಿದ್ದರೆ ಕಾಣುತ್ತಲೇ ಇರಲಿಲ್ಲ. ಆ ಕಾರನ್ನು ಇಟ್ಟುಕೊಂಡವರು ಇಂದಿಗೂ ಇದ್ದಾರೆ; ಅವರು ಇದನ್ನು ಮರೆಯಬಾರದು.

ನಾವು ಕೈ ಹಾಕಬಾರದ ಸಂದರ್ಭಗಳು

ಧೈರ್ಯ ಬೇರೆ, ಹಟ ಬೇರೆ. ಕೆಳಗಿನ ಸಂದರ್ಭಗಳಲ್ಲಿ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೇ ಕೊಡುವುದು ಲೇಸು.

ಗಾಡಿ ಇನ್ನೂ ಕಂಪೆನಿಯ ವಾರಂಟಿಯಲ್ಲಿದ್ದರೆ ನಾವು ಬಿಚ್ಚಬಾರದು. ಹೌಸಿಂಗ್ ಮುಟ್ಟಲು ಡೀಸೆಲ್ ಇಂಜೆಕ್ಟರಿನ ಲೋಹದ ಪೈಪುಗಳನ್ನು ಬಿಚ್ಚಬೇಕಾಗಿದ್ದರೆ ಬೇಡ. ಈಚಿನ ಕಾಮನ್ ರೈಲ್ ಡೀಸೆಲ್ ಗಾಡಿಗಳ ಆ ಪೈಪುಗಳಲ್ಲಿ ಡೀಸೆಲ್ಲಿನ ಒತ್ತಡ ಚರ್ಮವನ್ನು ತೂರಿ ಒಳಹೋಗುವಷ್ಟಿರುತ್ತದೆ. ಅಳತೆ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲಿದರೆ, ಅದು ಕೂಲರಿನ ಒಳಗಿನ ಸೋರಿಕೆ ಅಥವಾ ಹೆಡ್ ಗ್ಯಾಸ್ಕೆಟಿನ ತೊಂದರೆ ಇರಬಹುದು; ಬರಿಯ ಹೊರ ಗ್ಯಾಸ್ಕೆಟ್ ಬದಲಿಸಿದರೆ ಪ್ರಯೋಜನವಿಲ್ಲ.

ಬೇಕಾಗುವ ಸಾಮಾನುಗಳು

ರಿಂಗ್ ಮತ್ತು ಬಾಕ್ಸ್ ಪಾನಾಗಳು, ಫಿಲ್ಟರ್ ಬಿಚ್ಚುವ ಪಟ್ಟಿ, ಅಗಲ ಬಾಯಿಯ ಬುಟ್ಟಿ ಅಥವಾ ಕತ್ತರಿಸಿದ ಕ್ಯಾನು, ನೂಲು ಬಿಡದ ಶುಚಿಯಾದ ಬಟ್ಟೆ, ಮರದ ಅಥವಾ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿ, ಉಕ್ಕಿನ ಅಳತೆ ಪಟ್ಟಿ, ಹೊಸ ಗ್ಯಾಸ್ಕೆಟ್, ಹೊಸ ಫಿಲ್ಟರ್, ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆ, ಡ್ರೈನ್ ಪ್ಲಗ್ಗಿನ ಹೊಸ ವಾಷರು. ಗ್ಯಾಸ್ಕೆಟ್ ಕೊಳ್ಳುವಾಗ ಬರಿಯ ಗಾಡಿಯ ಹೆಸರು ಹೇಳಿದರೆ ಸಾಲದು. ಎಂಜಿನ್ ನಂಬರು, ತಯಾರಾದ ವರ್ಷ ಬರೆದುಕೊಂಡು ಹೋಗಿರಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಬಂದಿರುವುದುಂಟು.

ಬಿಚ್ಚುವ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಗಾಲಿಗಳಿಗೆ ಕಲ್ಲು ಕೊಡಿರಿ. ಎತ್ತಬೇಕಾಗಿದ್ದರೆ ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೆಯೇ ಅಡಿಗೆ ಹೋಗಬೇಕು. ಬರಿಯ ಜಾಕನ್ನು ನಂಬಿ ಗಾಡಿಯಡಿಗೆ ನುಸುಳಿದವರು ಮನೆಗೆ ಮರಳದ ಸಂಗತಿಗಳಿವೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿರಿ.

ಎಣ್ಣೆ ಬೆಚ್ಚಗಿರುವಾಗ ಸಲೀಸಾಗಿ ಇಳಿಯುತ್ತದೆ. ಆದರೆ ಕೈ ಸುಡುವಷ್ಟು ಬಿಸಿಯಿರಬಾರದು. ಎಣ್ಣೆ ಇಳಿಸಿದ ಮೇಲೆ ಎಂಜಿನ್ ಪೂರ್ತಿ ತಣಿಯಲು ಬಿಡಿರಿ. ಹೌಸಿಂಗಿನಲ್ಲಿ ನೀರಿನ ದಾರಿಯಿದ್ದರೆ ರೇಡಿಯೇಟರಿನ ನೀರನ್ನೂ ಇಳಿಸಬೇಕು. ಇದನ್ನು ಮರೆತರೆ ಹೌಸಿಂಗ್ ಬಿಚ್ಚಿದೊಡನೆ ನೀರು ಎಣ್ಣೆಯ ತೂತಿಗೆ ನುಗ್ಗುತ್ತದೆ. ಕೂಲೆಂಟ್ ಬೆರೆಸಿದ ನೀರು ಸಿಹಿಯಾಗಿರುತ್ತದೆ, ವಿಷವೂ ಹೌದು. ನಾಯಿ, ಕರುಗಳು ನೆಕ್ಕದಂತೆ ಕೂಡಲೇ ಮುಚ್ಚಿಡಿರಿ.

ಫಿಲ್ಟರ್ ತೆಗೆಯಿರಿ, ಸ್ವಿಚ್ಚಿನ ತಂತಿ, ಅಡ್ಡ ಬರುವ ಪೈಪು, ಬ್ರಾಕೆಟ್ಟುಗಳನ್ನು ಬಿಚ್ಚಿರಿ. ಒಂದು ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ಬೋಲ್ಟು ಇದ್ದ ಜಾಗದಲ್ಲೇ ತೂತು ಮಾಡಿ ಅದೇ ಬೋಲ್ಟನ್ನು ಚುಚ್ಚಿಡಿರಿ. ಅವುಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಹಾಕಿ ತಿರುಪಿದರೆ ತಳ ಮುಟ್ಟಿ, ಬಿಗಿಯಾದಂತೆ ತೋರಿ, ಹೌಸಿಂಗ್ ಸಡಿಲವಾಗಿಯೇ ಉಳಿಯುತ್ತದೆ.

ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿರಿ. ಎಲ್ಲ ಬಿಚ್ಚಿದ ಮೇಲೂ ಹೌಸಿಂಗ್ ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿರಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬಾರದು. ಅಲ್ಯುಮಿನಿಯಮ್ಮಿನ ಮೇಲೆ ಬಿದ್ದ ಒಂದು ಗೀರು ಮುಂದಿನ ಸೋರಿಕೆಗೆ ದಾರಿ.

ಮುಖ ಶುಚಿ ಮಾಡುವುದು

ಕೆಲಸದ ಮುಕ್ಕಾಲು ಪಾಲು ಇದೇ. ಅವಸರ ಮಾಡುವವರು ಸೋಲುವುದೂ ಇಲ್ಲಿಯೇ.

ಮೊದಲು ಎಂಜಿನ್ನಿನ ಮೈಯಲ್ಲಿರುವ ಎಣ್ಣೆ ತೂತುಗಳಿಗೆ ಬಟ್ಟೆಯ ಬಿರಡೆ ಕೊಡಿರಿ. ಎಷ್ಟು ಬಿರಡೆ ಕೊಟ್ಟಿರೆಂದು ಎಣಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿರಿ. ಕೊನೆಗೆ ಅಷ್ಟೂ ಹೊರಬಂದಿರಬೇಕು. ಬಳಿಕ ಹಳೆಯ ಗ್ಯಾಸ್ಕೆಟಿನ ತುಣುಕುಗಳನ್ನು ಮರದ ಪಟ್ಟಿಯಿಂದ ಕೆರೆದು ತೆಗೆಯಿರಿ. ಬಹಳ ಹಳೆಯ ಗಾಡಿಗಳ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಕೇಡು. ಒಣಗಿದಂತೆ ಉಜ್ಜದೆ, ಎಣ್ಣೆ ಸವರಿ ನೆನೆಸಿ ತೆಗೆಯಿರಿ.

ಎಂಜಿನ್ನಿನ ಮುಖಕ್ಕೆ ಎಮೆರಿ ಕಾಗದವನ್ನಾಗಲಿ, ತಿರುಗುವ ಬ್ರಷ್ಷನ್ನಾಗಲಿ ತಾಗಿಸಬಾರದು. ಅದರ ಪುಡಿ ತೂತಿಗೆ ಬಿದ್ದರೆ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಕೊನೆಗೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮುಖಗಳನ್ನು ಒರೆಸಿರಿ. ಬೀಡಿ, ದೀಪ, ಒಲೆ ಹತ್ತಿರವಿರಬಾರದು. ಒರೆಸಿದ ಮುಖವನ್ನು ಬೆರಳಿನಿಂದಲೂ ಮುಟ್ಟಬೇಡಿರಿ.

ಹೌಸಿಂಗಿನ ಮುಖಕ್ಕೆ ಉಕ್ಕಿನ ಪಟ್ಟಿಯ ಅಂಚನ್ನು ಇಟ್ಟು ಬೆಳಕಿಗೆ ಹಿಡಿದು ನೋಡಿರಿ. ಉದ್ದ, ಅಗಲ, ಮೂಲೆಯಿಂದ ಮೂಲೆ, ಹೀಗೆ ನಾಲ್ಕಾರು ಕಡೆ. ಪಟ್ಟಿಯ ಅಡಿಯಲ್ಲಿ ತೆಳು ಕಾಗದದ ಚೂರು ನುಸುಳಿದರೆ ಅದು ಬಾಗಿದೆ. ನನ್ನ ಹೌಸಿಂಗಿನ ಎರಡು ಮೂಲೆ ಹೀಗೆ ಬಾಗಿದ್ದವು. ಮಿಸ್ತ್ರಿ ದಪ್ಪ ಗಾಜಿನ ಮೇಲೆ ನುಣುಪು ಎಮೆರಿ ಹಾಳೆ ಹಾಸಿ, ಡೀಸೆಲ್ ಹನಿಸಿ, ಹೌಸಿಂಗನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಅರ್ಧ ಗಂಟೆ ತಿಕ್ಕಿದರು. ಮುಖವಿಡೀ ಒಂದೇ ಸಮನೆ ಮಾಸಲು ಬಣ್ಣಕ್ಕೆ ಬರುವವರೆಗೆ ಬಿಡಲಿಲ್ಲ. ಬಳಿಕ ಮೂರು ಸಲ ಡೀಸೆಲ್ಲಿನಲ್ಲಿ ತೊಳೆದು, ಪ್ರತಿ ತೂತಿಗೂ ಗಾಳಿ ಹೊಡೆದರು. ಬಿಚ್ಚಿ ತೊಳೆಯಬಹುದಾದ ಹೌಸಿಂಗಿಗೆ ಮಾತ್ರ ಈ ಉಪಾಯ, ಅದೂ ಅಲ್ಪ ಬಾಗಿದ್ದರೆ. ಹೆಚ್ಚು ಬಾಗಿದ್ದರೆ ಅಥವಾ ಬಿರುಕು ಕಂಡರೆ ಹೊಸದೇ ಸರಿ.

ಹೊಸ ಗ್ಯಾಸ್ಕೆಟ್ ಕೂರಿಸುವುದು

ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ತೂತಿಗೆ ತೂತು ಹೋಲಿಸಿರಿ. ಒಂದು ತೂತು ಕಡಿಮೆಯಿದ್ದರೂ ಎಣ್ಣೆಯ ದಾರಿ ಮುಚ್ಚಿ ಎಂಜಿನ್ ಹಾಳಾದೀತು.

ನನ್ನ ಜೀಪಿನದು ಹಳೆಯ ಮಾದರಿಯ ಕಾಗದದ ಪ್ಯಾಕಿಂಗ್. ಅದು ಅಲ್ಲಿ ಸಿಗಲಿಲ್ಲ. ಮಿಸ್ತ್ರಿ ಹೌಸಿಂಗಿನ ಮುಖಕ್ಕೆ ತೆಳುವಾಗಿ ಎಣ್ಣೆ ಸವರಿ, ಅಷ್ಟೇ ದಪ್ಪದ ಪ್ಯಾಕಿಂಗ್ ಶೀಟಿನ ಮೇಲೆ ಒತ್ತಿ ಅಚ್ಚು ತೆಗೆದು, ಕತ್ತರಿಯಿಂದ ಕತ್ತರಿಸಿ, ಟೊಳ್ಳು ಉಳಿಯಿಂದ ತೂತು ಹೊಡೆದರು. ಕಾಗದದ ಪ್ಯಾಕಿಂಗಿಗೆ ಇದು ನಡೆಯುತ್ತದೆ. ಅಚ್ಚು ರಬ್ಬರಿನ ಗ್ಯಾಸ್ಕೆಟ್ ಇರುವ ಗಾಡಿಗೆ ಕಾಗದ ಕತ್ತರಿಸಿ ಹಾಕಿದರೆ ನಡೆಯದು. ಅದರದೇ ರಬ್ಬರು ಬೇಕು.

ಪೇಸ್ಟಿನ ವಿಷಯದಲ್ಲಿ ನಮ್ಮವರಿಗೆ ಬಹಳ ವ್ಯಾಮೋಹ. ರಬ್ಬರಿನ ಗ್ಯಾಸ್ಕೆಟಿಗೆ ಯಾವ ಪೇಸ್ಟೂ ಬೇಡ. ಒಣಗಿದಂತೆಯೇ ಅದರ ಗೀರಿನಲ್ಲಿ ಕೂರಿಸಿರಿ. ಕಾಗದದ್ದು ಜಾರದಂತೆ ತೆಳುವಾಗಿ ಗ್ರೀಸು ಸವರಿದರೆ ಸಾಕು. ಸಿಲಿಕೋನ್ ಪೇಸ್ಟನ್ನು ಗೋಡೆಗೆ ಗಾರೆ ಹಚ್ಚಿದಂತೆ ಹಚ್ಚಿದರೆ ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತದೆ. ಒಳಗಿನ ಉಂಡೆ ಕಿತ್ತು ಹೋಗಿ ಎಣ್ಣೆಯ ಸಣ್ಣ ದಾರಿಯನ್ನು ಮುಚ್ಚಬಹುದು. ಗಾಡಿಯ ಪುಸ್ತಕ ಹೇಳಿದರೆ ಮಾತ್ರ, ಹೇಳಿದ ಜಾಗಕ್ಕೆ ಮಾತ್ರ ಪೇಸ್ಟು.

ಕಾಟಾ ಹಿಡಿದು ಬಿಗಿಯುವುದು

ಬಿರಡೆಗಳನ್ನು ಎಣಿಸಿ ತೆಗೆದು, ಹೌಸಿಂಗನ್ನು ಇಟ್ಟು, ಎಲ್ಲ ಬೋಲ್ಟುಗಳನ್ನೂ ಕೈ ಬೆರಳಿನಿಂದಲೇ ಪೂರ್ತಿ ತಿರುಪಿರಿ. ಬೆರಳಿಗೆ ಬಾರದ ಬೋಲ್ಟು ಓರೆಯಾಗಿ ಹೋಗುತ್ತಿದೆ ಎಂದರ್ಥ. ತೆಗೆದು ಮತ್ತೆ ನೇರವಾಗಿ ಹಿಡಿಯಿರಿ. ಬಳಿಕ ಪಾನಾದಿಂದ ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ ಬಿಗಿಯಬೇಕು: ಮೊದಲ ಸುತ್ತು ತಾಗುವಷ್ಟು, ಎರಡನೆಯದು ಅರ್ಧ ಬಿಗಿ, ಮೂರನೆಯದು ಪೂರ್ಣ.

ಪೂರ್ಣವೆಂದರೆ ಎಷ್ಟು? ಪ್ರತಿ ಗಾಡಿಯ ಪುಸ್ತಕದಲ್ಲಿ ಇದರ ಅಂಕಿಯಿದೆ, ಅದೇ ಪ್ರಮಾಣ. ಒಂದು ಅಂದಾಜಿಗಾಗಿ ಹೇಳುವುದಾದರೆ, 6 ಮಿ.ಮೀ. ದಪ್ಪದ ಬೋಲ್ಟಿಗೆ ಸುಮಾರು 1 ಕೆ.ಜಿ.-ಮೀಟರ್, 8 ಮಿ.ಮೀ. ದಪ್ಪದ್ದಕ್ಕೆ ಸುಮಾರು 2ರಿಂದ 2.5 ಕೆ.ಜಿ.-ಮೀಟರ್. ಪುಸ್ತಕದಲ್ಲಿ ನ್ಯೂಟನ್-ಮೀಟರ್ ಎಂದಿದ್ದರೆ ಹತ್ತರಿಂದ ಭಾಗಿಸಿದರೆ ಸರಿಸುಮಾರು ಈ ಅಂಕಿ ಬರುತ್ತದೆ.

ಇದನ್ನು ಅಳೆಯುವ ಟಾರ್ಕ್ ಪಾನಾ ನಮ್ಮಲ್ಲಿ ಎಲ್ಲರ ಬಳಿಯಿಲ್ಲ. ಆದರೆ ಕಾಳುಮೆಣಸು ತೂಗುವ ಸಣ್ಣ ಸ್ಪ್ರಿಂಗ್ ಕಾಟಾ ಇದೆಯಲ್ಲ! ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಪಾನಾಕ್ಕೆ ಕಾಟಾದ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡಲಾಗಿ ಎಳೆಯಿರಿ. ಮುಳ್ಳು 5 ಕೆ.ಜಿ. ತೋರಿಸಿದಾಗ ಬಿಗಿತ 1 ಕೆ.ಜಿ.-ಮೀಟರ್, 10 ಕೆ.ಜಿ. ತೋರಿಸಿದಾಗ 2 ಕೆ.ಜಿ.-ಮೀಟರ್. ಒಮ್ಮೆ ಎಳೆದು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ನಾವು ಉತ್ಸಾಹದಿಂದ ಹಾಕುವ ಬಲ ಬೇಕಾದುದರ ಎರಡು ಮೂರು ಪಟ್ಟು ಇರುತ್ತದೆ. ನಾನು ಹೌಸಿಂಗ್ ಬಾಗಿಸಿದ್ದು ಹೀಗೆಯೇ.

ಎಣ್ಣೆ ತುಂಬಿ ಪರೀಕ್ಷೆ

ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿರಿ. ತಿರುಪಿನ ಮಾದರಿಯ ಫಿಲ್ಟರಾದರೆ ಬಳೆ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು, ಅಥವಾ ಡಬ್ಬಿಯ ಮೇಲೆ ಬರೆದಷ್ಟು. ಡ್ರೈನ್ ಪ್ಲಗ್ ಹಾಕಿದ್ದೀರಾ ಎಂದು ಇನ್ನೊಮ್ಮೆ ನೋಡಿ ಎಣ್ಣೆ, ನೀರು ತುಂಬಿರಿ.

ಕೂಡಲೇ ಎಂಜಿನ್ ಚಾಲೂ ಮಾಡಬೇಡಿರಿ. ದಾರಿಗಳೆಲ್ಲ ಬರಿದಾಗಿರುತ್ತವೆ. ಹಳೆಯ ಡೀಸೆಲ್ ಗಾಡಿಯಲ್ಲಿ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಸ್ಟಾರ್ಟರನ್ನು ಐದೈದು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿದರೆ ಎಣ್ಣೆ ಮೇಲೇರಿ ಕೆಂಪು ದೀಪ ಆರುತ್ತದೆ. ಆಮೇಲೆ ಚಾಲೂ ಮಾಡಿರಿ. ಈ ಅನುಕೂಲವಿಲ್ಲದ ಗಾಡಿಯಾದರೆ ಚಾಲೂ ಮಾಡಿ ಎಕ್ಸಿಲರೇಟರ್ ಒತ್ತದೆ ದೀಪದ ಮೇಲೆಯೇ ಕಣ್ಣಿಡಿರಿ. ಹತ್ತು ಸೆಕೆಂಡಿನೊಳಗೆ ಆರದಿದ್ದರೆ ನಿಲ್ಲಿಸಿ ಕಾರಣ ಹುಡುಕಬೇಕು.

ಹತ್ತು ನಿಮಿಷ ಓಡಿಸಿ, ಗ್ಯಾಸ್ಕೆಟಿನ ಸುತ್ತ ಒಣ ಕಾಗದ ಒತ್ತಿ ನೋಡಿರಿ. ನಿಲ್ಲಿಸಿ ಐದು ನಿಮಿಷ ಬಿಟ್ಟು ಕಡ್ಡಿ ನೋಡಿ ಬೇಕಾದಷ್ಟು ಎಣ್ಣೆ ಸೇರಿಸಿರಿ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿರಿ. ಒದ್ದೆ ಕಂಡರೆ, ನೆನಪಿರಲಿ, ಬಿಗಿಯುವುದಲ್ಲ, ಬಿಚ್ಚಿ ನೋಡುವುದು.

ಹಳೆಯ ಎಣ್ಣೆ ಎಲ್ಲಿಗೆ?

ಗೆದ್ದಲಿಗೆಂದು ಕಂಬಕ್ಕೆ ಹಚ್ಚುವುದು, ಚರಂಡಿಗೆ ಚೆಲ್ಲುವುದು, ಒಲೆಗೆ ಹಾಕುವುದು, ಇವೆಲ್ಲ ನಮ್ಮಲ್ಲಿ ನಡೆದುಬಂದದ್ದು. ಇದನ್ನು ಬಿಡಬೇಕು. ತೋಟದ ಚರಂಡಿ ಹಳ್ಳಕ್ಕೆ, ಹಳ್ಳ ಕೆಳಗಿನವರ ಬಾವಿ, ಕೆರೆಗಳಿಗೆ ಹೋಗುತ್ತದೆ. 2016ರ ನಿಯಮಗಳಂತೆ ಬಳಸಿದ ಎಂಜಿನ್ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಎಣ್ಣೆ ಸಂಗ್ರಹಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿರಿ. ಕಾಫಿ ಒಣಗಿಸುವ ಕಣದ ಹತ್ತಿರವಂತೂ ಈ ಕೆಲಸವನ್ನೇ ಇಟ್ಟುಕೊಳ್ಳಬೇಡಿರಿ. ಕಾಫಿ ಬೀಜ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಟ್ಯಾಪೆಟ್ ಕವರಿನ ಸೋರಿಕೆಗಿಂತ ಫಿಲ್ಟರ್ ಹೌಸಿಂಗಿನ ಸೋರಿಕೆ ಏಕೆ ಹೆಚ್ಚು ಅಪಾಯ?
2. ಎರಡು ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಎಂಟು ಗಂಟೆಯಲ್ಲಿ ಎಷ್ಟು ಎಣ್ಣೆ ಹೋಗುತ್ತದೆ?
3. ಪಾನಾದ ಮೇಲೆ 25 ಸೆಂ.ಮೀ. ದೂರದಲ್ಲಿ ಕಾಟಾ ಸಿಕ್ಕಿಸಿದರೆ, 2 ಕೆ.ಜಿ.-ಮೀಟರ್ ಬಿಗಿತಕ್ಕೆ ಮುಳ್ಳು ಎಷ್ಟು ತೋರಿಸಬೇಕು?
4. ಎಮೆರಿ ಹಾಳೆಯನ್ನು ಹೌಸಿಂಗಿಗೆ ಬಳಸಬಹುದು, ಎಂಜಿನ್ನಿನ ಮೈಗೆ ಬಳಸಬಾರದು. ಏಕೆ?

ಉತ್ತರಗಳು ಮೇಲಿನ ಪಾಠದಲ್ಲೇ ಇವೆ. ಎರಡನೆಯದಕ್ಕೆ 576 ಮಿ.ಲೀ., ಮೂರನೆಯದಕ್ಕೆ 8 ಕೆ.ಜಿ. ಎಂದು ಬಂದರೆ ನೀವು ಪಾಠವನ್ನು ಸರಿಯಾಗಿ ಓದಿದ್ದೀರಿ.

ಬಂಧುಗಳೇ, ಸ್ಪ್ರೇ ಪಂಪಿಗೂ ನೀರೆತ್ತುವ ಡೀಸೆಲ್ ಎಂಜಿನ್ನಿಗೂ ಇದೇ ನೀತಿ ಅನ್ವಯಿಸುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದ ತುರ್ತಿನಲ್ಲಿ ವಾಷರು ಸೋರಿದರೆ ಬಲ ಹಾಕಿ ಬಿಗಿಯುವ ಮೊದಲು ಬಿಚ್ಚಿ, ಒರೆಸಿ, ಮುಖ ನೋಡಿರಿ.

ಮುದಗಲ್ಲಿನ ಆ ಕುಟುಂಬ ಈ ಸಲದ ಕೊಯ್ಲಿಗೂ ಬಂದಿತ್ತು. ಅಂದು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಹುಡುಗಿಯ ಮಗು ಈಗ ಕಣದಲ್ಲಿ ಓಡಾಡುತ್ತದೆ. ಒಂದು ದಿನ ಜೀಪಿನ ಅಡಿಗೆ ಬಗ್ಗಿ ಏನನ್ನೋ ನೋಡುತ್ತಿತ್ತು. ನಾನೂ ಬಗ್ಗಿ ನೋಡಿದೆ. ನೆಲ ಒಣಗಿತ್ತು.